ಬುದ್ಧಿಮಾತಿಗೂ ಒಂದು ಮಾಡೆಲ್ ಇಯರ್ ಇರುತ್ತೆ: ನಮ್ಮ ಹಳೇ 800, ಎರಡು ಬಾಟಲಿ ನೀರು, ರೇಡಿಯೇಟರ್‌ನ ಚರಿತ್ರೆ

ಭಾಗ 1/9: ಮೇಲುಕಾಮನಹಳ್ಳಿ ಗೇಟು

ಫೋಟೊದಲ್ಲಿ ಕಾಣ್ತಾ ಇರೋದು ನಮ್ಮಪ್ಪನ ಬಲಗೈ. ಜೂನ್ ಮೊದಲ ವಾರದಲ್ಲಿ ತೆಗೆದದ್ದು. ಅಪ್ಪನ್ನ ಕೇಳಿಯೇ ಹಾಕಿದ್ದೀನಿ. "ಹಾಕು, ಇನ್ನೊಬ್ಬರ ಕೈ ಉಳೀಲಿ" ಅಂದ್ರು.

ಅಪ್ಪ ಟೈಲರ್. ತಿ. ನರಸೀಪುರದಲ್ಲಿ ಪುಟ್ಟ ಅಂಗಡಿ. ಮೇ ತಿಂಗಳು ಬಂತು ಅಂದ್ರೆ ಸ್ಕೂಲ್ ಯೂನಿಫಾರ್ಮ್ ಸೀಸನ್. ವರ್ಷದ ಸಂಪಾದನೆಯ ದೊಡ್ಡ ಪಾಲು ಆ ಆರು ವಾರದಲ್ಲೇ. ಅಂಥ ಹೊತ್ತಲ್ಲಿ ಗೂಡಲೂರಿನ ಚಿಕ್ಕಮ್ಮನ ಮನೆ ಗೃಹಪ್ರವೇಶ ಬಂತು. ಒಂದೇ ದಿನ ತಾನೆ, ಹೋಗಿ ಬಂದುಬಿಡೋಣ ಅಂತ ನಮ್ಮ 2006ರ ಮಾರುತಿ 800ರಲ್ಲಿ ಹೊರಟ್ವಿ. ಅಪ್ಪ, ಅಮ್ಮ, ಅಜ್ಜಿ, ನಾನು.

ವಾಪಸ್ ಬರುವಾಗ ಲೇಟಾಯ್ತು. ಬಂಡೀಪುರ ದಾರಿ ರಾತ್ರಿ 9ಕ್ಕೆ ಮುಚ್ಚುತ್ತೆ ಅಂತ ನಿಮಗೂ ಗೊತ್ತು. ಕಾಡೊಳಗೆ ಗಾಡಿ ನಿಲ್ಲಿಸೋ ಹಾಗಿಲ್ಲ, ಇಳಿಯೋ ಹಾಗಿಲ್ಲ. ಅರ್ಧ ದಾರೀಲಿ ಟೆಂಪರೇಚರ್ ಮುಳ್ಳು ಏರೋಕೆ ಶುರುವಾಯ್ತು. ಅಪ್ಪ ಎಸಿ ಆಫ್ ಮಾಡಿ ನಿಧಾನಕ್ಕೆ ಓಡಿಸಿದ್ರು. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗೇ ಇಳೀತು. "ನೋಡು, ಸರಿಹೋಯ್ತು" ಅಂದ್ರು. ನಾವೆಲ್ಲ ಉಸಿರು ಬಿಟ್ವಿ.

ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟಿ ನೂರು ಮೀಟರ್ ಬರೋ ಅಷ್ಟರಲ್ಲಿ ಎಂಜಿನ್ ಕಟಕಟ ಅಂದು ನಿಂತೇಹೋಯ್ತು. ಬಾನೆಟ್ ಸಂದಿಯಿಂದ ಹಬೆ. ಅಪ್ಪ ಡಿಕ್ಕಿಯಿಂದ ಎರಡು ಬಾಟಲಿ ನೀರು ತಗೊಂಡ್ರು, ಒದ್ದೆ ಟವಲ್ ಮಡಚಿ ರೇಡಿಯೇಟರ್ ಕ್ಯಾಪ್ ಮೇಲೆ ಇಟ್ರು, ತಿರುಗಿಸಿದ್ರು.

ಆಮೇಲೆ ಆದದ್ದೇ ಈ ಫೋಟೊ.

ನೀರು ಇಟ್ಕೊ, ಬಟ್ಟೆ ಹಿಡ್ಕೊಂಡು ಕ್ಯಾಪ್ ತೆಗಿ, ನೀರು ಹಾಕು: ಇದನ್ನ ಅಪ್ಪನಿಗೆ ಹೇಳಿಕೊಟ್ಟಿದ್ದು ಚಿಕ್ಕ ತಾತ, ಅಂದ್ರೆ ನಮ್ಮ ತಾತನ ತಮ್ಮ. ಮೈಸೂರಿನಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸ್ತಿದ್ದವರು. ಅಂಥ ಅನುಭವಸ್ಥರ ಮಾತು ತಪ್ಪಾಗಿದ್ದು ಹೇಗೆ? ಅದನ್ನ ಹುಡುಕ್ತಾ ಹೋದೆ. ಸಿಕ್ಕಿದ್ದು ನೂರಮೂವತ್ತು ವರ್ಷಕ್ಕೂ ಹೆಚ್ಚಿನ ಕಥೆ. ಎಂಟು ಪೋಸ್ಟ್ ಇದೆ, ಕೊನೇವರೆಗೂ ಬನ್ನಿ.

ಭಾಗ 2/9: ನೀರು ಕುಡಿಯೋ ಬಂಡಿ

ಮೊದಲು ಒಂದು ಪ್ರಶ್ನೆ. ಕಾರಿಗೆ ನೀರು ಯಾಕೆ ಬೇಕು?

ನೀವು ಹಾಕೋ ಪೆಟ್ರೋಲ್‌ನ ಶಾಖದಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸೋ ಕೆಲಸಕ್ಕೆ ಬರುತ್ತೆ. ಇನ್ನೊಂದು ಪಾಲು ಸೈಲೆನ್ಸರ್‌ನಲ್ಲಿ ಹೊಗೆ ಜೊತೆ ಹೋಗುತ್ತೆ. ಉಳಿದ ಪಾಲು ಎಂಜಿನ್‌ನ ಲೋಹಕ್ಕೆ ಅಂಟಿಕೊಳ್ಳುತ್ತೆ. ಅದನ್ನ ಹೊರಗೆ ಹಾಕದಿದ್ರೆ ಎಣ್ಣೆ ಕೆಟ್ಟು, ಪಿಸ್ಟನ್ ಉಬ್ಬಿ, ಎಂಜಿನ್ ಹಿಡಿದು ನಿಲ್ಲುತ್ತೆ. ಬೈಕಿನಲ್ಲಿ ಈ ಕೆಲಸ ಗಾಳಿ ಮಾಡುತ್ತೆ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ತಯಾರಾದ ಜಾವಾ, ಆಮೇಲಿನ ಯೆಜ್ಡಿ ಎಂಜಿನ್ ನೋಡಿದ್ದೀರಲ್ಲ, ಸುತ್ತ ರೆಕ್ಕೆ ರೆಕ್ಕೆ ಇರುತ್ತೆ. ಆ ರೆಕ್ಕೆಗಳೇ ಅದರ ರೇಡಿಯೇಟರ್. ಕಾರಿನ ಎಂಜಿನ್ ಬಾನೆಟ್ ಕೆಳಗೆ ಮುಚ್ಚಿಕೊಂಡಿರೋದ್ರಿಂದ ಅಲ್ಲಿ ಸಾಮಾನ್ಯವಾಗಿ ನೀರಿನ ಸಹಾಯ ಬೇಕು.

1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಬಂಡಿಗೆ ಪೇಟೆಂಟ್ ತಗೊಂಡ. ಅದರಲ್ಲಿ ಈಗಿನ ಥರದ ರೇಡಿಯೇಟರ್ ಇರಲಿಲ್ಲ. ಎಂಜಿನ್ ಸುತ್ತ ನೀರು, ಆ ನೀರು ಕುದ್ದು ಹಬೆಯಾಗಿ ಹೋಗುವಾಗ ಶಾಖವನ್ನೂ ಹೊತ್ತುಕೊಂಡು ಹೋಗ್ತಿತ್ತು. ಬೇಸಿಗೆಯಲ್ಲಿ ನಮ್ಮನೆ ಮಣ್ಣಿನ ಮಡಕೆ ನೀರು ತಣ್ಣಗಿರೋದೂ ಹೀಗೇ, ಹೊರಗೆ ಒಸರಿದ ನೀರು ಆರುವಾಗ ಶಾಖ ಎಳೆದುಕೊಳ್ಳುತ್ತೆ. ಆದ್ರೆ ಮಡಕೆ ದಿನಕ್ಕೆ ಒಂದು ಲೋಟ ಕಳ್ಕೊಂಡ್ರೆ ಬೆಂಜ್ ಬಂಡಿಗೆ ದಾರಿಯುದ್ದಕ್ಕೂ ನೀರು ಬೇಕಿತ್ತು.

1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬೆರ್ತಾ ಬೆಂಜ್ ಗಂಡನಿಗೂ ಹೇಳದೆ ಇಬ್ಬರು ಗಂಡುಮಕ್ಕಳನ್ನ ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರುಮನೆಗೆ ಹೊರಟರು. ಸುಮಾರು ನೂರು ಕಿಲೋಮೀಟರ್. ಕಾರಿನಲ್ಲಿ ಅಷ್ಟು ದೂರ ಅದಕ್ಕೆ ಮುಂಚೆ ಯಾರೂ ಹೋಗಿರಲಿಲ್ಲ. ಇಂಧನ ಖಾಲಿಯಾದಾಗ ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡರು. ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ನೀರು ಮಾತ್ರ ಮತ್ತೆ ಮತ್ತೆ ತುಂಬಿಸ್ತಾ ಹೋಗಬೇಕಾಯ್ತು.

ಅಂದ್ರೆ "ದೂರ ಹೋಗ್ತಿದ್ದೀಯಾ, ನೀರು ನೋಡ್ಕೊ" ಅನ್ನೋ ಬುದ್ಧಿಮಾತಿಗೆ ಕಾರಿನಷ್ಟೇ ವಯಸ್ಸು. ಮೊದಲ ದೂರಪ್ರಯಾಣದ ಡ್ರೈವರೇ ಅದನ್ನ ಪಾಲಿಸಿದ್ದರು. ಆ ಕಾರಿಗೆ ಅದು ನೂರಕ್ಕೆ ನೂರು ಸರಿಯಾದ ಮಾತು, ಯಾಕಂದ್ರೆ ಅದು ನೀರನ್ನ ಕಳೆದುಕೊಂಡೇ ತಣ್ಣಗಾಗೋ ಬಂಡಿ.

ಭಾಗ 3/9: ಜೇನುಗೂಡು ಮತ್ತು ಸೋಲಾರ್ ಹೀಟರ್

ನೀರನ್ನ ಕಳೆದುಕೊಳ್ಳೋ ಬದಲು ಅದನ್ನೇ ತಣ್ಣಗೆ ಮಾಡಿ ಮತ್ತೆ ಎಂಜಿನ್‌ಗೆ ಕಳಿಸಿದ್ರೆ?

ಇದಕ್ಕೆ ಗಟ್ಟಿ ಉತ್ತರ ಕೊಟ್ಟವನು ವಿಲ್‌ಹೆಲ್ಮ್ ಮೇಬಾಖ್. 1900ರ ಕೊನೆಗೆ ತಯಾರಾದ ಮರ್ಸಿಡಿಸ್ 35 ಎಚ್‌ಪಿ ಕಾರಿಗೆ ಅವನು ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 6 ಮಿಲಿಮೀಟರ್ ಅಗಲದ 8,070 ಚಿಕ್ಕ ಚೌಕ ಕೊಳವೆಗಳನ್ನ ಒಟ್ಟಿಗೆ ಬೆಸುಗೆ ಹಾಕಿದ್ದ. ಕೊಳವೆಯೊಳಗೆ ಗಾಳಿ, ಅವುಗಳ ಸಂದಿಯಲ್ಲಿ ನೀರು. ಹಿಂದೆ ಒಂದು ಫ್ಯಾನ್. ಅಷ್ಟು ಲೋಹ ಗಾಳಿಗೆ ತಾಗಿದ ಮೇಲೆ ಸ್ವಲ್ಪ ನೀರಲ್ಲೇ ದೊಡ್ಡ ಎಂಜಿನ್ ತಣ್ಣಗಾಗ್ತಿತ್ತು. ಇವತ್ತು ನಿಮ್ಮ ಕಾರಿನ ಮುಂದಿರೋ ರೇಡಿಯೇಟರ್ ಹಿಂದೆ ಇರೋ ಯೋಚನೆಯೂ ಇದೇ, ಆಕಾರ ಬದಲಾಗಿದೆ ಅಷ್ಟೆ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಇನ್ನೊಂದು ತಮಾಷೆ. ಮೊದಲ ಸುಮಾರು 2,500 ಕಾರುಗಳಿಗೆ ವಾಟರ್ ಪಂಪ್ ಇತ್ತು. ಆಮೇಲೆ ಹೆನ್ರಿ ಫೋರ್ಡ್ ಕಂಪನಿ ಅದನ್ನ ತೆಗೆದೇಬಿಡ್ತು. ಪಂಪ್ ಇಲ್ಲದೆ ನೀರು ಹೇಗೆ ಓಡುತ್ತೆ? ನಿಮ್ಮನೆ ತಾರಸಿ ಮೇಲಿನ ಸೋಲಾರ್ ವಾಟರ್ ಹೀಟರ್ ನೋಡಿ. ಅದಕ್ಕೆ ಮೋಟಾರ್ ಇರೋದಿಲ್ಲ. ಬಿಸಿ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತೆ, ತಣ್ಣೀರು ಭಾರವಾಗಿ ಕೆಳಗೆ ಇಳಿಯುತ್ತೆ. ಮಾಡೆಲ್ ಟಿ ರೇಡಿಯೇಟರ್‌ನಲ್ಲೂ ಇದೇ ಕಥೆ. ಇದು ನಡೀಬೇಕು ಅಂದ್ರೆ ನೀರಿನ ಮಟ್ಟ ಮೇಲಿನ ಹೋಸ್‌ವರೆಗೂ ಇರಲೇಬೇಕು. ಒಂದು ಚೂರು ಕಮ್ಮಿಯಾದ್ರೂ ಸುತ್ತಾಟ ನಿಂತುಹೋಗುತ್ತೆ. ಹಾಗಾಗಿ ಮತ್ತೆ ಅದೇ ಮಾತು: ಹೊರಡೋ ಮುಂಚೆ ನೀರು ತುಂಬಿಸು.

ಆ ಕಾಲದ ಡ್ರೈವರ್‌ಗಳಿಗೆ ರೇಡಿಯೇಟರ್ ಕ್ಯಾಪ್ ಅನ್ನೋದು ಕೆಟಲ್ ಮುಚ್ಚಳ ಇದ್ದ ಹಾಗೆ. ಒಳಗೆ ಹೇಳಿಕೊಳ್ಳೋವಂಥ ಒತ್ತಡ ಇರಲಿಲ್ಲ. 1912ರಲ್ಲಿ ಪೇಟೆಂಟ್ ಆದ ಬಾಯ್ಸ್ ಮೋಟೋಮೀಟರ್ ಅನ್ನೋ ಥರ್ಮಾಮೀಟರನ್ನ ಆ ಕ್ಯಾಪ್ ಮೇಲೇ ಕೂರಿಸ್ತಿದ್ರು, ಸೀಟಿನಿಂದಲೇ ಕಾಣೋ ಹಾಗೆ. ರೋಲ್ಸ್ ರಾಯ್ಸ್ ಕಾರಿನ ಮುಂದೆ ಗಾಳಿಗೆ ಬಾಗಿ ನಿಂತ ಹೆಣ್ಣಿನ ಪ್ರತಿಮೆ ಇದೆಯಲ್ಲ, ಅದೂ ಮೊದಲು ಕೂತಿದ್ದು ರೇಡಿಯೇಟರ್ ಕ್ಯಾಪ್ ಮೇಲೇ. ಶ್ರೀರಂಗಪಟ್ಟಣದ ಹತ್ತಿರ ಇರೋ ಪಯಣ ಕಾರ್ ಮ್ಯೂಸಿಯಂಗೆ ಹೋದ್ರೆ ಹಳೇ ಕಾರುಗಳ ಮುಂದೆ ನಿಂತು ಒಮ್ಮೆ ಮೂತಿಯ ತುದಿ ನೋಡಿ. ಕ್ಯಾಪ್ ಬಾನೆಟ್ ಹೊರಗಿತ್ತು ಅಂದ್ರೆ, ಅದನ್ನ ದಿನಾ ತೆಗೆಯೋದು ಡ್ರೈವರ್ ಕೆಲಸ ಅಂತಲೇ ಲೆಕ್ಕ.

ಭಾಗ 4/9: ನಮ್ಮ ಕಡೆಗೆ ಕಾರು ಬಂದಿದ್ದು

ಈಗ ಯುರೋಪ್, ಅಮೆರಿಕ ಬಿಟ್ಟು ಮನೆಗೆ ಬರೋಣ.

ಮೈಸೂರು ಸೀಮೆಯಲ್ಲಿ ಕಾರು ತಯಾರಾಗಬೇಕು ಅಂತ ಕನಸು ಕಂಡವರು ಸರ್ ಎಂ. ವಿಶ್ವೇಶ್ವರಯ್ಯ. ದಿವಾನಗಿರಿ ಬಿಟ್ಟು ಎಷ್ಟೋ ವರ್ಷದ ಮೇಲೆ, 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಲ್ಲಿ ಅವರು ವಿದೇಶಕ್ಕೆ ಹೋಗಿ ಮೋಟಾರು ಕಾರ್ಖಾನೆಗಳನ್ನ ನೋಡಿ ಯೋಜನೆ ಮಾಡಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು. ಆದ್ರೆ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಅದೇ ವಾಲ್‌ಚಂದ್ 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಇವತ್ತಿನ ಎಚ್‌ಎಎಲ್. ನಮಗೆ ವಿಮಾನ ಬಂತು, ಕಾರು ಬಾಂಬೆಗೆ ಹೋಯ್ತು: 1944ರಲ್ಲಿ ಅಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು. ಮುಂದೆ ಪದ್ಮಿನಿ ತಯಾರಿಸಿದ್ದು ಅವರೇ.

ಅಂಬಾಸಿಡರ್ ಬಂದಿದ್ದು 1957ರಲ್ಲಿ, ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್‌ನಿಂದ. ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. 2014ರ ಮೇ ತಿಂಗಳವರೆಗೂ ಅದು ತಯಾರಾಯ್ತು.

ಚಿಕ್ಕ ತಾತ ಓಡಿಸಿದ್ದು ಇದನ್ನೇ. ಅವರ ದಿನಚರಿ ಅಪ್ಪ ಈಗಲೂ ಹೇಳ್ತಾರೆ: ಬೆಳಗ್ಗೆ ಬಾನೆಟ್ ಎತ್ತಿ ನೀರು ನೋಡೋದು, ಡ್ಯಾಶ್‌ಬೋರ್ಡ್ ದೇವರಿಗೆ ಹೂವು ಇಡೋದು, ಆಮೇಲೆ ಸ್ಟಾರ್ಟ್. ಊಟಿ ಬಾಡಿಗೆ ಬಂದ್ರೆ ಡಿಕ್ಕಿಯಲ್ಲಿ ಐದು ಲೀಟರ್ ಕ್ಯಾನು. ಘಾಟಿಯಲ್ಲಿ ಗಾಡಿ ಕಾದ್ರೆ ಮರದ ನೆರಳಲ್ಲಿ ನಿಲ್ಲಿಸಿ, ಬೀಡಿ ಸೇದಿ, ಬಟ್ಟೆ ಹಿಡಿದು ಕ್ಯಾಪ್ ಸಡಿಲಿಸಿ, ನೀರು ಹುಯ್ಯೋದು.

ಅದು ಸರಿಯಾಗೇ ನಡೀತಿತ್ತು. ಕಾರಣ ಇದೆ. ಆ ಪೆಟ್ರೋಲ್ ಅಂಬಾಸಿಡರ್‌ನ ಎಂಜಿನ್ ಬ್ಲಾಕೂ ಎರಕದ ಕಬ್ಬಿಣ, ಮೇಲಿನ ಹೆಡ್ಡೂ ಎರಕದ ಕಬ್ಬಿಣ. ಎರಡೂ ಒಂದೇ ಥರ ಹಿಗ್ಗುತ್ತವೆ, ಒಂದೇ ಥರ ಕುಗ್ಗುತ್ತವೆ. ರೇಡಿಯೇಟರ್ ತಾಮ್ರ ಹಿತ್ತಾಳೆ, ತೂತಾದ್ರೆ ಬೆಸುಗೆ ಹಾಕೋರು ಎಲ್ಲ ಊರಲ್ಲೂ ಇದ್ರು. ಫ್ಯಾನ್ ಎಂಜಿನ್ ಬೆಲ್ಟ್‌ಗೇ ಸೇರಿದ್ದು, ಎಂಜಿನ್ ತಿರುಗಿದ್ರೆ ಅದೂ ತಿರುಗ್ತಿತ್ತು. ಆಗಿನ ಕ್ಯಾಪ್‌ಗಳ ಒತ್ತಡವೂ ಈಗಿನವಕ್ಕಿಂತ ಕಡಿಮೆ. ಇನ್ನೊಂದು ವಿಷ್ಯ ಅಪ್ಪ ಹೇಳುವಾಗ ನನ್ನ ಕಿವಿಗೆ ಬಿದ್ದಿರಲೇ ಇಲ್ಲ, ಈ ಸಲ ಬಿತ್ತು. ಚಿಕ್ಕ ತಾತ ಮೊದಲು ಬೀಡಿ ಸೇದ್ತಿದ್ರು, ಆಮೇಲೆ ಕ್ಯಾಪ್ ಮುಟ್ತಿದ್ರು. ನಮಗೆ ಬಂದ ಬುದ್ಧಿಮಾತಿನಲ್ಲಿ ಬಟ್ಟೆ ಉಳೀತು, ಕ್ಯಾನು ಉಳೀತು. ಕಾಯೋದು ಮಾತ್ರ ಎಲ್ಲೋ ಬಿಟ್ಟುಹೋಯ್ತು.

ಭಾಗ 5/9: ಬಾನೆಟ್ ಕೆಳಗಿನ ಕುಕ್ಕರ್

ಈ ಪೋಸ್ಟ್ ಒಂದನ್ನಾದ್ರೂ ಸೇವ್ ಮಾಡ್ಕೊಳ್ಳಿ.

ನೀರು 100 ಡಿಗ್ರಿಗೆ ಕುದಿಯುತ್ತೆ ಅಂತ ಸ್ಕೂಲಲ್ಲಿ ಓದಿದ್ದೀವಿ. ಅದು ಸಮುದ್ರ ಮಟ್ಟದಲ್ಲಿ. ತಿ. ನರಸೀಪುರ ಸಮುದ್ರ ಮಟ್ಟಕ್ಕಿಂತ ಆರುನೂರು ಮೀಟರ್‌ಗೂ ಮೇಲಿದೆ, ಇಲ್ಲಿ ಸುಮಾರು 98 ಡಿಗ್ರಿಗೇ ಕುದಿಯುತ್ತೆ. ಊಟಿ 2,200 ಮೀಟರ್‌ಗೂ ಎತ್ತರ, ಅಲ್ಲಿ 93 ಡಿಗ್ರಿಯ ಹತ್ತಿರ. ಅಂದ್ರೆ ಘಾಟಿ ಹತ್ತುವಾಗ ಎಂಜಿನ್ ಹೆಚ್ಚು ದುಡಿಯುತ್ತೆ, ಅದೇ ಹೊತ್ತಿಗೆ ನೀರು ಬೇಗ ಕುದಿಯೋಕೂ ರೆಡಿಯಾಗುತ್ತೆ. ಹಳೇ ಕಾರುಗಳು ಘಾಟಿಯಲ್ಲೇ ಯಾಕೆ ಹಬೆ ಬಿಡ್ತಿದ್ವು ಅಂತ ಈಗ ಗೊತ್ತಾಯ್ತಲ್ಲ?

ಬೆಟ್ಟದ ಮೇಲೆ ಬೇಳೆ ಬೇಯಲ್ಲ ಅಂತ ನಾವು ಕುಕ್ಕರ್ ಹಚ್ತೀವಿ. ಮುಚ್ಚಳ ಬಿಗಿಯಾದ್ರೆ ಒತ್ತಡ ಏರುತ್ತೆ, ಒತ್ತಡ ಏರಿದ್ರೆ ನೀರು ಕುದಿಯೋ ಉಷ್ಣತೆಯೂ ಏರುತ್ತೆ. ಕಾರು ಮಾಡೋರೂ ಇದೇ ಉಪಾಯ ಹಿಡಿದ್ರು. ರೇಡಿಯೇಟರ್ ಮುಚ್ಚಳಕ್ಕೆ ಸ್ಪ್ರಿಂಗ್ ಹಾಕಿದ್ರು. ನಿಮ್ಮ ಕಾರಿನ ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತೆ. ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚಿನ ಒತ್ತಡ ಬರೋವರೆಗೂ ಅದು ಬಿಡೋದಿಲ್ಲ ಅಂತ ಅರ್ಥ. 0.9ರ ಕ್ಯಾಪ್ ಇದ್ರೆ ಬರೀ ನೀರು ಕೂಡ 115 ಡಿಗ್ರಿ ದಾಟೋವರೆಗೂ ಕುದಿಯಲ್ಲ.

ಈಗ ಯೋಚನೆ ಮಾಡಿ. ಒಳಗೆ 110 ಡಿಗ್ರಿಯ ನೀರು ಇನ್ನೂ ನೀರಾಗೇ ಕೂತಿದೆ. ನೀವು ಕ್ಯಾಪ್ ತಿರುಗಿಸಿದ ಕ್ಷಣ ಒತ್ತಡ ಇಳಿಯುತ್ತೆ, ಆ ನೀರಲ್ಲಿ ಒಂದಷ್ಟು ಒಂದೇ ಸಲಕ್ಕೆ ಹಬೆಯಾಗಿ ಉಳಿದದ್ದನ್ನೂ ಹೊತ್ತು ಮೇಲೆ ಚಿಮ್ಮುತ್ತೆ. ಸೀಟಿ ಹೊಡೀತಿರೋ ಕುಕ್ಕರ್ ಮುಚ್ಚಳವನ್ನ ಯಾರಾದ್ರೂ ಒದ್ದೆ ಬಟ್ಟೆ ಹಿಡಿದು ಕಿತ್ತು ತೆಗೀತಾರಾ? ನಮ್ಮಮ್ಮ ತೆಗೆಯಲ್ಲ. ಅಪ್ಪನೂ ತೆಗೆಯಲ್ಲ. ಕಾರಿನೊಳಗೂ ಒಂದು ಕುಕ್ಕರ್ ಇದೆ ಅಂತ ನಮ್ಮನೇಲಿ ಯಾರಿಗೂ ಯಾರೂ ಹೇಳಿರಲಿಲ್ಲ ಅಷ್ಟೆ.

ಕಾದ ಎಂಜಿನ್ ಆಫ್ ಮಾಡಿ ಕನಿಷ್ಠ ಅರ್ಧ ಗಂಟೆ ಬಿಡಿ. ಮೇಲಿನ ಹೋಸ್‌ನ ಬಿಸಿ ಪೂರ್ತಿ ಇಳಿದು, ಹಿಚುಕಿದ್ರೆ ಮೆತ್ತಗಾಗೋವರೆಗೂ ಕ್ಯಾಪ್ ಮುಟ್ಟಬೇಡಿ. ಕಾದ ಎಂಜಿನ್‌ಗೆ ತಣ್ಣೀರು ಸುರಿಯಲೂಬೇಡಿ, ಲೋಹ ಬಿರುಕು ಬಿಡಬಹುದು.

ಅಪ್ಪಿತಪ್ಪಿ ಸುಟ್ಟರೆ, ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡೀರಿ, ಆಮೇಲೆ ಆಸ್ಪತ್ರೆ. ಆವತ್ತು ಅಪ್ಪನ ಕೈಗೆ ಯಾರೋ ಒಳ್ಳೇ ಮನಸ್ಸಿನಿಂದ ಟೂತ್‌ಪೇಸ್ಟ್ ಹಚ್ಚಿದ್ರು. ಅದನ್ನ ಕಿತ್ತು ತೆಗೆಯುವಾಗಲೇ ಅಪ್ಪ ಕಿರುಚಿದ್ದು.

ಭಾಗ 6/9: ಹೆಸರೇ ಮಾಡಿದ ಮೋಸ

ಕೂಲೆಂಟ್ ಅಂದ್ರೆ ಏನು ಅಂತ ನಮ್ಮ ಕ್ಲಾಸಿನ ಐದು ಜನರನ್ನ ಕೇಳಿದೆ. ನಾಲ್ಕು ಜನ "ಹಸಿರು ನೀರು" ಅಂದ್ರು. ಒಬ್ಬ "ದುಡ್ಡು ಕೀಳೋಕೆ ಶೋರೂಂನವರು ಹಾಕೋದು" ಅಂದ.

ಅದರ ಕಥೆ ಚಳಿ ದೇಶದ್ದು. ಅಲ್ಲಿ ಚಳಿಗಾಲದ ರಾತ್ರಿ ರೇಡಿಯೇಟರ್ ನೀರು ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳ್ತಿತ್ತು. ಮೊದಮೊದಲು ನೀರಿಗೆ ಆಲ್ಕೋಹಾಲ್ ಬೆರೆಸ್ತಿದ್ರು, ಅದು ಬೇಗ ಆವಿಯಾಗಿ ಹೋಗ್ತಿತ್ತು. 1927ರಲ್ಲಿ ಅಮೆರಿಕದಲ್ಲಿ ಪ್ರೆಸ್ಟೋನ್ ಅನ್ನೋ ಹೆಸರಲ್ಲಿ ಎಥಿಲೀನ್ ಗ್ಲೈಕಾಲ್ ಮಾರಾಟಕ್ಕೆ ಬಂತು. ಆವಿಯಾಗಲ್ಲ, ಹೆಪ್ಪುಗಟ್ಟೋಕೆ ಬಿಡಲ್ಲ. ಅದಕ್ಕೆ ಆಂಟಿಫ್ರೀಜ್ ಅನ್ನೋ ಹೆಸರೇ ನಿಂತುಹೋಯ್ತು.

ಹೆಸರು ಕೇಳಿದ ನಮ್ಮೋರು ಏನಂದುಕೊಂಡಿರ್ತಾರೆ? "ತಿ. ನರಸೀಪುರದಲ್ಲಿ ನೀರು ಹೆಪ್ಪುಗಟ್ಟುತ್ತಾ? ನಮಗ್ಯಾಕೆ ಇದು?" ಅಪ್ಪ ಅಂದಿದ್ದೂ ಇದನ್ನೇ. ಹೆಸರಿನ ಪ್ರಕಾರ ನ್ಯಾಯವಾದ ಪ್ರಶ್ನೆ.

ಆದ್ರೆ ಅದು ಇನ್ನೂ ಎರಡು ಕೆಲಸ ಮಾಡುತ್ತೆ. ಒಂದು, ಅರ್ಧಕ್ಕರ್ಧ ಬೆರೆಸಿದ್ರೆ ಕುದಿಯೋ ಉಷ್ಣತೆ ಏರುತ್ತೆ, ಕ್ಯಾಪ್ ಇಲ್ಲದೇನೇ ಸುಮಾರು 107 ಡಿಗ್ರಿ. ಎರಡು, ಅದರಲ್ಲಿ ತುಕ್ಕು ತಡೆಯೋ ರಾಸಾಯನಿಕಗಳಿರುತ್ತವೆ. ನಮ್ಮ ಬಿಸಿಲಿನ ಊರಿಗೆ ಬೇಕಾಗಿರೋದೇ ಈ ಎರಡು. ತುಕ್ಕು ತಡೆಯೋ ಆ ಅಂಶ ವರ್ಷಗಳು ಕಳೆದಂತೆ ಸವೆಯುತ್ತೆ. ಹಸಿರು ಬಣ್ಣ ಹಾಗೇ ಉಳಿದಿದ್ರೂ ಶಕ್ತಿ ಉಳಿದಿರಲ್ಲ. ಹಾಗಾಗಿ ಅದನ್ನ ಕಾಲಕಾಲಕ್ಕೆ ಪೂರ್ತಿ ಬದಲಿಸಬೇಕು.

ಈಗ ನಮ್ಮ ನೀರಿನ ಕಡೆ ಬನ್ನಿ. ಕಾವೇರಿ, ಕಪಿಲೆ ಎರಡೂ ಸೇರೋ ಊರು ನಮ್ಮದು. ಆದ್ರೆ ನಮ್ಮ ಕಾರಿಗೆ ಸಿಕ್ಕಿದ್ದು ಮನೆ ಹಿಂದಿನ ಬೋರ್‌ವೆಲ್ ನೀರು. ಆ ನೀರು ಕಾಯಿಸೋ ಪಾತ್ರೆಯ ತಳ ನೋಡಿ, ಬಿಳೀ ಪದರ. ಗೀಸರ್ ಕಾಯಿಲ್ ಬಿಚ್ಚಿಸಿದ್ರೆ ಸುಣ್ಣದ ಹಾಗೆ ಹೆಕ್ಕಳೆ. ಅದೇ ಪದರ ರೇಡಿಯೇಟರ್‌ನ ಸಣ್ಣ ಕೊಳವೆಯೊಳಗೂ ಕಟ್ಟುತ್ತೆ. ಶಾಖ ಹೊರಗೆ ಹೋಗೋಕೆ ಕಂಬಳಿ ಹೊದಿಸಿದ ಹಾಗೆ.

ಕೂಲೆಂಟ್‌ಗೆ ಬೆರೆಸಬೇಕಾದ್ದು ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತೆ. ಕೇಳುವಾಗ ಸರಿಯಾಗಿ ಕೇಳಿ, ಬ್ಯಾಟರಿ ಆಸಿಡ್ ಬೇರೆ, ಅದಲ್ಲ. ರೆಡಿ ಮಿಕ್ಸ್ ಕ್ಯಾನ್ ತಗೊಂಡ್ರೆ ನೀರು ಬೆರೆಸೋದೇ ಬೇಡ.

ಇನ್ನೊಂದು ಎಚ್ಚರಿಕೆ. ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಸಿಹಿ. ನಾಯಿ, ದನ, ಮಕ್ಕಳು ಕುಡಿದ್ರೆ ಜೀವಕ್ಕೇ ಅಪಾಯ. ಹಳೇ ಕೂಲೆಂಟನ್ನ ಬೀದಿಗೆ, ಚರಂಡಿಗೆ ಚೆಲ್ಲಬೇಡಿ. ನೀರಿನ ಬಾಟಲಿಯಲ್ಲಂತೂ ಇಡಲೇಬೇಡಿ.

ಭಾಗ 7/9: 1983ರಲ್ಲಿ ಬದಲಾದದ್ದು

1983ರ ಡಿಸೆಂಬರ್ 14. ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀ ಕೊಟ್ಟರು. ಮೂರು ಸಿಲಿಂಡರ್, 796 ಸಿಸಿ. 2014ರ ಜನವರಿವರೆಗೂ ತಯಾರಾದ ಈ ಕಾರು ನಮ್ಮಂಥ ಎಷ್ಟು ಮನೆಗಳ ಮೊದಲ ಕಾರೋ ಲೆಕ್ಕವಿಲ್ಲ.

ಹೊರಗಿನಿಂದ ನೋಡಿದ್ರೆ ಚಿಕ್ಕ ಕಾರು ಅಷ್ಟೆ. ಒಳಗೆ ಮಾತ್ರ ಅದು ಚಿಕ್ಕ ತಾತನ ಕಾರಿಗಿಂತ ಬೇರೆ ಯುಗದ್ದು. ಎಂಜಿನ್ ಹೆಡ್ ಅಲ್ಯೂಮಿನಿಯಂ. ಹಗುರ, ಆದ್ರೆ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತೆ. ಅತಿಯಾಗಿ ಕಾದ್ರೆ ಅಂಚು ಸೊಟ್ಟಗಾಗುತ್ತೆ. ಬ್ಲಾಕ್ ಮತ್ತು ಹೆಡ್ ಮಧ್ಯೆ ಇರೋ ತೆಳು ಹಾಳೆ, ಹೆಡ್ ಗ್ಯಾಸ್ಕೆಟ್, ಆಗ ಹೋಗಿಬಿಡುತ್ತೆ. ಅಂಬಾಸಿಡರ್ ಒಂದು ಬೀಡಿ ಸೇದೋ ಹೊತ್ತಲ್ಲಿ ಕ್ಷಮಿಸ್ತಿದ್ದ ತಪ್ಪನ್ನ ಇದು ಕ್ಷಮಿಸಲ್ಲ.

ಫ್ಯಾನ್ ಕರೆಂಟಿನದ್ದು. ನೀರು ಕಾದ್ರೆ ಮಾತ್ರ ತಾನಾಗಿ ಓಡುತ್ತೆ. ಅದರ ಫ್ಯೂಸ್ ಹೋದ್ರೆ, ಸ್ವಿಚ್ ಕೆಟ್ರೆ, ವೈರ್ ಕಡಿದ್ರೆ ನಿಮಗೆ ಗೊತ್ತೂ ಆಗಲ್ಲ. ಖಾಲಿ ರಸ್ತೆಯಲ್ಲಿ ಗಾಳಿ ಸಾಕಾಗುತ್ತೆ, ಟ್ರಾಫಿಕ್‌ನಲ್ಲಿ ನಿಂತಾಗ ಮುಳ್ಳು ಏರುತ್ತೆ. ಹಳ್ಳಿ ರಸ್ತೆಯಲ್ಲಿ ಚೆನ್ನಾಗಿದ್ದ ಕಾರು ಮೈಸೂರು ಸಿಗ್ನಲ್‌ನಲ್ಲಿ ಕಾಯ್ತಿದ್ರೆ ಮೊದಲು ಅನುಮಾನ ಪಡಬೇಕಾದ್ದು ಫ್ಯಾನ್ ಮೇಲೆ.

ಇನ್ನು ಥರ್ಮೋಸ್ಟಾಟ್. ಮೇಣ ತುಂಬಿದ ಪುಟ್ಟ ವಾಲ್ವ್. ಎಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತೆ, 80 ಡಿಗ್ರಿ ಆಚೀಚೆ ಬಂದಾಗ ಮೇಣ ಕರಗಿ ಹಿಗ್ಗಿ ತೆರೆದುಕೊಳ್ಳುತ್ತೆ. ಬೇಗ ಬಿಸಿಯಾಗೋದು, ಆಮೇಲೆ ಹದವಾಗಿ ಉಳಿಯೋದು, ಎರಡೂ ಅದರಿಂದ. ನಮ್ಮ ಕಡೆ ಒಂದು ಪದ್ಧತಿ ಇದೆ: "ಬಿಸಿಲು ದೇಶಕ್ಕೆ ಬೇಡ, ತೆಗೆದುಬಿಡಿ." ನಾವು ಕಾರು ಕೊಂಡ ಹೊಸದರಲ್ಲೇ ಒಂದು ಗ್ಯಾರೇಜಿನಲ್ಲಿ ಹೀಗೇ ತೆಗೆದಿದ್ರು. ತೆಗೆದ್ರೆ ಎಂಜಿನ್ ಹದಕ್ಕೆ ಬರೋಕೆ ತುಂಬ ಹೊತ್ತು ಬೇಕು, ಪೆಟ್ರೋಲ್ ಹೆಚ್ಚು ಕುಡಿಯುತ್ತೆ, ಬೇಗ ಸವೆಯುತ್ತೆ. ಇನ್ನೂ ಕೆಟ್ಟದ್ದು ಅಂದ್ರೆ, ರೇಡಿಯೇಟರ್ ನಿಧಾನಕ್ಕೆ ಕಟ್ಟಿಕೊಳ್ತಾ ಇದ್ರೂ ಮುಳ್ಳು ಕೆಳಗೇ ಇರುತ್ತೆ. ರೋಗ ಇದೆ, ಜ್ವರ ಮಾತ್ರ ಕಾಣಲ್ಲ.

ಈಚಿನ ರೇಡಿಯೇಟರ್‌ಗಳು ಅಲ್ಯೂಮಿನಿಯಂ, ಮೇಲೆ ಕೆಳಗೆ ಪ್ಲಾಸ್ಟಿಕ್ ಟ್ಯಾಂಕ್. ಪ್ಲಾಸ್ಟಿಕ್ ವಯಸ್ಸಾದ ಹಾಗೆ ಕಂದಿ ಬಿರುಕು ಬಿಡುತ್ತೆ. ಹಿತ್ತಾಳೆಯ ಹಾಗೆ ಬೆಸುಗೆ ಹಾಕೋಕಾಗಲ್ಲ, ಬದಲಿಸಬೇಕು. ರೇಡಿಯೇಟರ್ ಬೆಸುಗೆ ಅಂಗಡಿಗಳು ಒಂದೊಂದಾಗಿ ಮುಚ್ಚೋಕೆ ಇದೂ ಒಂದು ಕಾರಣ.

ಭಾಗ 8/9: ಬಿಲ್ಲು

ಆವತ್ತು ರಾತ್ರಿ ಕಾರನ್ನ ಗುಂಡ್ಲುಪೇಟೆಗೆ ಎಳೆಸಿದ್ವಿ. ಮಾರನೇ ದಿನ ಮೆಕ್ಯಾನಿಕ್ ಅಣ್ಣ ಒಂದೊಂದೇ ಬಿಚ್ಚಿ ತೋರಿಸಿದ್ರು. ಕೆಳಗಿನ ಹೋಸ್ ಕ್ಲಾಂಪ್ ಹತ್ತಿರ ಸೀಳಿತ್ತು. ಕೂದಲೆಳೆಯಷ್ಟು. ನಿಂತಾಗ ಸೋರಲ್ಲ, ಒತ್ತಡ ಬಂದಾಗ ಮಾತ್ರ ಸಣ್ಣಗೆ ಚಿಮ್ಮುತ್ತೆ. ಗೂಡಲೂರಿಗೆ ಹೋಗಿ ಬರೋ ಅಷ್ಟರಲ್ಲಿ ಹೆಚ್ಚುಪಾಲು ನೀರು ಹೀಗೇ ಹೋಗಿತ್ತು. ರೇಡಿಯೇಟರ್ ಒಳಗೆ ಕಂದು ಕೆಸರು, ಬಿಳೀ ಪದರ.

ನಾನು ಕೇಳಿದೆ: "ಅಣ್ಣ, ಮುಳ್ಳು ಇಳಿದಿತ್ತಲ್ಲ?"

"ಮುಳ್ಳಿಗೆ ಸುದ್ದಿ ಕೊಡೋ ಸೆನ್ಸರ್ ನೀರೊಳಗೆ ಮುಳುಗಿರಬೇಕು. ನೀರೇ ಇಲ್ಲದಾಗ ಅದು ಏನು ಅಂತ ಹೇಳುತ್ತೆ?" ಅಂದ್ರು.

ನಾವು ಉಸಿರು ಬಿಟ್ಟ ಆ ಕ್ಷಣವೇ ಎಂಜಿನ್ ಬೆಂದುಹೋಗ್ತಿದ್ದ ಕ್ಷಣ. ಈ ಒಂದು ಮಾತು ನನ್ನ ತಲೆಯಿಂದ ಹೋಗೇ ಇಲ್ಲ.

ಬಿಕಾಂ ಓದೋನು ಬಿಲ್ ಹಾಕದೆ ಹೇಗೆ ಬಿಡ್ಲಿ? ತಗೊಳ್ಳಿ.

ಎಳೆಸಿದ್ದು 2,000. ಹೆಡ್ ಗ್ಯಾಸ್ಕೆಟ್ ಸೆಟ್ 1,100. ಹೆಡ್ ಫೇಸಿಂಗ್ 900. ಬೇರೆ ರೇಡಿಯೇಟರ್ 2,300. ಹೋಸ್, ಕ್ಲಾಂಪ್ 420. ಥರ್ಮೋಸ್ಟಾಟ್ 380. ಕ್ಯಾಪ್ 150. ಕೂಲೆಂಟ್ 600. ಎಂಜಿನ್ ಆಯಿಲ್, ಫಿಲ್ಟರ್ 1,250. ಕೂಲಿ 3,500. ಒಟ್ಟು 12,600 ರೂಪಾಯಿ.

ಇದರಲ್ಲಿ ಮುಂಚೆಯೇ ಮಾಡಿಸಿದ್ರೆ ಸಾಕಾಗ್ತಿದ್ದದ್ದು ಹೋಸ್, ಕ್ಯಾಪ್, ಕೂಲೆಂಟ್: 1,170 ರೂಪಾಯಿ. ಕಾಸ್ಟ್ ಅಕೌಂಟಿಂಗ್‌ನಲ್ಲಿ ತಡೆಯೋ ಖರ್ಚು ಬೇರೆ, ಕೆಟ್ಟ ಮೇಲಿನ ಖರ್ಚು ಬೇರೆ ಅಂತ ಓದಿ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸೂ ತಗೊಂಡಿದ್ದೆ. ಮನೆ ಮುಂದೆ ನಿಂತ ಕಾರಿಗೆ ಅದನ್ನ ಹಚ್ಚಿ ನೋಡಿರಲಿಲ್ಲ.

ಬಿಲ್‌ನಲ್ಲಿ ಬರದ ಖರ್ಚು ಇನ್ನೊಂದಿದೆ. ಅಪ್ಪನಿಗೆ ಮೂರು ವಾರ ಕತ್ತರಿ ಹಿಡಿಯೋಕೆ ಆಗಲಿಲ್ಲ. ಮೇ ಕೊನೆ, ಜೂನ್ ಮೊದಲು. ಯೂನಿಫಾರ್ಮ್ ಆರ್ಡರ್‌ಗಳಲ್ಲಿ ಅರ್ಧ ಬೇರೆ ಟೈಲರ್‌ಗೆ ಕೊಟ್ವಿ. ಉಳಿದದ್ದಕ್ಕೆ ಅಪ್ಪ ಪಕ್ಕದಲ್ಲಿ ಕೂತು ಹೇಳ್ತಿದ್ರು, ಅಮ್ಮ ಕತ್ತರಿಸ್ತಿದ್ರು, ನಾನು ಗುಂಡಿ ಹಚ್ತಿದ್ದೆ. ನಮ್ಮೂರಲ್ಲಿ ಈ ವರ್ಷ ಯಾವುದಾದ್ರೂ ಹುಡುಗನ ಅಂಗಿ ಗುಂಡಿ ಉದುರಿದ್ರೆ ಅದು ನನ್ನ ಕೈಚಳಕ, ಕ್ಷಮಿಸಿ.

ಭಾಗ 9/9: ಈಗ ನೀವು ಏನು ಮಾಡಬೇಕು

ಮಾರುತಿ 800 ಅಂದ್ರೆ ಅತಿ ಹೊಸದಕ್ಕೂ ಈಗ ಹತ್ತು ವರ್ಷ ದಾಟಿದೆ. ನಿಮ್ಮನೇಲಿ 800 ಇರಬಹುದು, ಜೆನ್ ಇರಬಹುದು, ಸ್ಯಾಂಟ್ರೊ ಇರಬಹುದು, ಸೆಕೆಂಡ್ ಹ್ಯಾಂಡ್ ಇನ್ಯಾವುದೋ ಇರಬಹುದು. ಈ ಭಾನುವಾರ ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಹತ್ತು ನಿಮಿಷ ಕೊಡಿ.

ರೇಡಿಯೇಟರ್ ಪಕ್ಕದ ಬಿಳೀ ಬಾಟಲಿಯಲ್ಲಿ ಎರಡು ಗೆರೆ ಇರುತ್ತೆ, ಮಟ್ಟ ಅವುಗಳ ಮಧ್ಯೆ ಇದೆಯಾ ನೋಡಿ. ಬಾಟಲಿ ತುಂಬಿದೆ ಅಂದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಅಂತಲ್ಲ, ಕ್ಯಾಪ್ ತೆಗೆದು ಒಳಗೂ ನೋಡಿ. ಬಣ್ಣ ಕಂದು ಇದ್ರೆ ತುಕ್ಕು. ಎಣ್ಣೆ ತೇಲ್ತಿದ್ರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿ ಥರ ಇದ್ರೆ, ಗ್ಯಾಸ್ಕೆಟ್ ಹೋಗಿರಬಹುದು, ಕಾರು ಓಡಿಸಬೇಡಿ.

ಕ್ಯಾಪ್‌ನ ರಬ್ಬರ್ ಗಟ್ಟಿಯಾಗಿದ್ರೆ ಬದಲಿಸಿ. ಹೋಸ್‌ಗಳನ್ನ ಹಿಚುಕಿ ನೋಡಿ, ಕಲ್ಲಿನಂತೆ ಗಟ್ಟಿ ಇದ್ರೂ ತಪ್ಪು, ಉಬ್ಬಿ ಮೆತ್ತಗಿದ್ರೂ ತಪ್ಪು. ಕ್ಲಾಂಪ್ ಹತ್ತಿರ ಬಿಳೀ ಅಥವಾ ಹಸಿರು ಕಲೆ ಒಣಗಿದ್ರೆ ಅಲ್ಲಿ ಸೋರ್ತಿದೆ. ಬೆಲ್ಟ್ ಸಡಿಲ ಇದೆಯಾ, ಬಿರುಕಿದೆಯಾ ನೋಡಿ. ಆಮೇಲೆ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ, ಕೈ ದೂರ ಇಟ್ಕೊಂಡು, ಫ್ಯಾನ್ ಓಡೋವರೆಗೂ ಕಾಯಿರಿ. ಓಡಲೇ ಇಲ್ಲ, ಮುಳ್ಳು ಅರ್ಧ ದಾಟ್ತಿದೆ ಅಂದ್ರೆ ಆಫ್ ಮಾಡಿ ಮೆಕ್ಯಾನಿಕ್‌ಗೆ ಹೇಳಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋಕೆ ಹೋದಾಗಲೂ ಮೊದಲು ತಣ್ಣಗಿನ ಎಂಜಿನ್‌ನ ಕ್ಯಾಪ್ ತೆಗೆದು ನೋಡಿ. ಪೇಂಟು ಹೊಳಪು ಮಾಡಿಸಿರ್ತಾರೆ, ರೇಡಿಯೇಟರ್ ಒಳಗೆ ಯಾರೂ ಪಾಲಿಶ್ ಮಾಡಲ್ಲ. ಕೂಲೆಂಟ್ ಯಾವಾಗ ಬದಲಿಸಿದ್ದು ಅಂತ ಗೊತ್ತಿಲ್ಲದಿದ್ರೆ ಕೊಂಡ ತಕ್ಷಣ ಪೂರ್ತಿ ಫ್ಲಶ್ ಮಾಡಿಸಿ. ಎಷ್ಟು ವರ್ಷಕ್ಕೆ ಬದಲಿಸಬೇಕು ಅಂತ ನಿಮ್ಮ ಕಾರಿನ ಪುಸ್ತಕದಲ್ಲಿ, ಕೂಲೆಂಟ್ ಡಬ್ಬಿ ಮೇಲೆ ಇರುತ್ತೆ. ಬೇರೆ ಬೇರೆ ಥರದ ಕೂಲೆಂಟ್ ಬೆರೆಸಬೇಡಿ, ಬಣ್ಣ ಒಂದೇ ಇದ್ರೂ ಒಳಗಿರೋದು ಬೇರೆ ಇರಬಹುದು.

ಕಾಡಲ್ಲಿ, ಘಾಟಿಯಲ್ಲಿ ಮುಳ್ಳು ಏರಿದ್ರೆ ಎಸಿ ಆಫ್, ಹೀಟರ್ ಫುಲ್ ಆನ್, ಕಿಟಕಿ ಕೆಳಗೆ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ ಶಾಖವನ್ನ ನಿಮ್ಮ ಕಡೆ ತಳ್ಳುತ್ತೆ. ಬೆವರ್ತೀರ, ಪರವಾಗಿಲ್ಲ. ನಿಲ್ಲಬಹುದಾದ ಮೊದಲ ಜಾಗದಲ್ಲಿ ನಿಲ್ಲಿಸಿ, ಕಾಯಿರಿ.

ಎರಡು ಬಾಟಲಿ ನೀರು? ಈಗಲೂ ಇಟ್ಕೊಳ್ಳಿ. ಸಿಕ್ಕಿಬಿದ್ದಾಗ ಎಂಜಿನ್ ತಣ್ಣಗಾದ ಮೇಲೆ ಯಾವ ನೀರಾದ್ರೂ ಸರಿ, ಮನೆ ಸೇರೋಕೆ ಬೇಕು. ಮನೆ ಸೇರಿದ ಮೇಲೆ ಅದನ್ನ ತೆಗೆದು ಕೂಲೆಂಟ್ ಹಾಕಿಸಿ.

ಚಿಕ್ಕ ತಾತ ಹೇಳಿದ್ದು ಅವರ ಕಾರಿಗೆ ಸರಿ. ಅಪ್ಪ ಅದನ್ನ ನಂಬಿದ್ದೂ ಸರಿ, ಹಿರಿಯರು ದುಡಿದು ಕಲಿತದ್ದು. ಆ ಮಾತು ಯಾವ ಕಾರನ್ನ ನೋಡಿ ಹುಟ್ಟಿದ್ದು ಅಂತ ನಾವು ಯಾರೂ ಕೇಳಲಿಲ್ಲ, ನಾನೂ ಸೇರಿ. ಅಪ್ಪನ ಕೈ ಈಗ ವಾಸಿ. ಹೆಬ್ಬೆರಳ ಪಕ್ಕ ಚರ್ಮ ಇನ್ನೂ ಬಿಗಿ, ಕತ್ತರಿ ಹಿಡಿದಾಗ ಸ್ವಲ್ಪ ಎಳೆಯುತ್ತೆ ಅಂತಾರೆ. ಕಾರೂ ಓಡ್ತಿದೆ. ಹೋದ ವಾರ ಅಪ್ಪನೇ ಕ್ಯಾಪ್ ಮೇಲೆ ಬಿಳೀ ಪೇಂಟಿನಲ್ಲಿ ಬರೆದ್ರು: "ಅರ್ಧ ಗಂಟೆ ತಡಿ". ಕೊನೇ ಫೋಟೊ ಅದೇ.

ನಿಮ್ಮ ಮನೆಯಲ್ಲೂ ಗಾಡಿ ಬಗ್ಗೆ ತಾತನ ಕಾಲದಿಂದ ಬಂದ ಮಾತು ಇದ್ರೆ ಕಾಮೆಂಟ್‌ನಲ್ಲಿ ಬರೀರಿ. ಅದು ಯಾವ ಗಾಡಿಯ ಕಾಲದ್ದು ಅಂತ ಒಟ್ಟಿಗೆ ಹುಡುಕೋಣ. ಹಳೇ ಕಾರಿಟ್ಟುಕೊಂಡ ಒಬ್ಬರಿಗಾದ್ರೂ ಐದನೇ ಭಾಗ ಕಳಿಸಿ.

#ತಿನರಸೀಪುರ #ಹಳೇಕಾರು #ಮಾರುತಿ800 #ರೇಡಿಯೇಟರ್ #ನಮ್ಮೂರಚರಿತ್ರೆ #ಕನ್ನಡದಲ್ಲಿ